ಬಿಸಿನೀರಿಗೆ ಮೊದಲು

ಅಕ್ಕ ಮೋರಿಯ ಬಾಯಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ, ಬೆಳಗಿನಿಂದ ಎದ್ದಿಲ್ಲ, ನೀನು ಬಂದು ಎಬ್ಬಿಸದಿದ್ದರೆ ನನ್ನ ಕತೆ ಮುಗೀತು ಎಂದು ಭಾವ ಫೋನಿನಲ್ಲಿ ಹೇಳಿದಾಗ ಅವನಿಗೆ ಮೊದಲು ಬಂದದ್ದು ನಗು. ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಜೊತೆಯವರು ತಲೆಯೆತ್ತಿದರು. ನಗುವನ್ನು ಕೆಮ್ಮು ಮಾಡಿಕೊಂಡು ವರಾಂಡಕ್ಕೆ ಬಂದ. ಭಾವ ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಲಾಂಡ್ರಿಗೆ ಹೊಸ ಮಿಷನ್ ಬಂದಿದೆ, ಕೂರಿಸಿದ್ದೂ ಆಗಿದೆ. ಅದರ ಬಿಸಿನೀರು ಹೊರಗೆ ಹೋಗುವ ಪೈಪನ್ನು ಹಿತ್ತಲ ಮೋರಿಯೊಳಕ್ಕೆ ಇಳಿಸಿ ಸಿಮೆಂಟು ಬಳಿದುಬಿಟ್ಟರೆ ಕೆಲಸ ಮುಗಿಯಿತು. ಸಂಜೆಗೆ ಆಸ್ಪತ್ರೆಯ ಗಾಡಿ ಚಾದರಗಳನ್ನು ತರುತ್ತದೆ, ಕುದಿನೀರಲ್ಲೇ ಒಗೆಯಬೇಕೆಂದು ಅವರ ಷರತ್ತು, ಇವತ್ತೇ ಒಗೆಯಲು ಶುರುಮಾಡದಿದ್ದರೆ ಆ ಕೆಲಸ ಬೇರೆಯವರ ಪಾಲಾಗುತ್ತದೆ, ಆಮೇಲೆ ಅಂಗಡಿಗೆ ಬೀಗವೇ ಗತಿ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದ ಭಾವ ಕೊನೆಯ ಮಾತಿಗೆ ದನಿ ತಗ್ಗಿಸಿದ.

“ಮಿಷನ್ನು ತಾನಾಗೇ ನೀರು ಬಿಟ್ಬಿಡುತ್ತಂತೆ. ‘ಹಾಗಾದ್ರೆ ಅವಕ್ಕೆ ಹೇಳೋರ್ಯಾರು’ ಅಂತಾಳೆ ಕಣಪ್ಪ ನಿಮ್ಮಕ್ಕ. ನೀನು ಕಾಲೇಜಲ್ಲಿ ಪಾಠ ಮಾಡೋದು ಇದನ್ನೇ ತಾನೆ? ಬಂದು ಒಂದಿಷ್ಟು ಬುದ್ಧಿ ಹೇಳು.”

‘ಅವಕ್ಕೆ’ ಎಂದರೆ ಯಾವಕ್ಕೆ ಎಂದು ಅವನು ಕೇಳಲಿಲ್ಲ. ವರಾಂಡದ ಕಂಬಕ್ಕೆ ಒರಗಿ ನಿಂತವನ ಮೂಗಿಗೆ, ಅಲ್ಲಿ ಸೀಮೆಸುಣ್ಣದ ಧೂಳಲ್ಲದೆ ಇನ್ನೇನೂ ಇಲ್ಲದಿದ್ದರೂ, ಸೋಡಾ ಪುಡಿ ಬೆರೆತ ಹಬೆಯ ವಾಸನೆ ಬಂದು ಬಡಿಯಿತು. ಅಮ್ಮ ತೋಳು ಮೇಲೇರಿಸಿಕೊಂಡು, ಹಂಡೆಯ ಕಿವಿಗಳನ್ನು ಹಳೆ ಬಟ್ಟೆಯಲ್ಲಿ ಹಿಡಿದು ಮೋರಿಗೆ ಬಾಗಿಸುವ ಮೊದಲು ಒಂದು ಚೊಂಬು ತಣ್ಣೀರು ಸುರಿಯುತ್ತಿದ್ದಳು. ಸುರಿದು, ಆ ಕತ್ತಲ ತೂತಿನ ಮೇಲೆ ಬಗ್ಗಿ, ಪಕ್ಕದ ಮನೆಯವರಿಗೆ ಹೇಳುವಂತೆ ಹೇಳುತ್ತಿದ್ದಳು: ಸರ್ಕೊಳ್ರಪ್ಪ, ಬಿಸಿನೀರು ಬರ್ತಿದೆ. ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವಳು. ಅವನಿಗೆ ಮಾತಿಗಿಂತ ಆ ನಿಲ್ಲುವಿಕೆಯೇ ಹೆಚ್ಚು ನೆನಪು. ಒಳಗಿರುವವರು ಹಾಸಿಗೆ ಸುತ್ತಿಕೊಂಡು, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು, ಗೊಣಗುತ್ತ ಪಕ್ಕಕ್ಕೆ ಹೋಗಲು ಎಷ್ಟು ಬೇಕೋ ಅಷ್ಟು ಹೊತ್ತು. ಮೋರಿಯೊಳಗೆ ಇದ್ದವರೆಂದರೆ ಕಪ್ಪೆಗಳು, ಎರೆಹುಳುಗಳು, ಒಂದೆರಡು ಜರಿ, ಯಾರೂ ಹೆಸರಿಡದ ಕೂದಲಿನಷ್ಟು ತೆಳ್ಳಗಿನ ಕೆಂಪು ಹುಳಗಳು. ಆಮೇಲೆ ಹಂಡೆ ಬಾಗುತ್ತಿತ್ತು, ಹಬೆಯೆದ್ದು ಅಮ್ಮನ ಮುಖ ಮರೆಯಾಗುತ್ತಿತ್ತು. ಚಿಕ್ಕವನಾಗಿದ್ದಾಗ ಅವನಿಗೆ ಹಬೆಯೊಳಗಿಂದ ಅಮ್ಮ ವಾಪಸು ಬರುತ್ತಾಳೋ ಇಲ್ಲವೋ ಎಂಬ ಅನುಮಾನ ಪ್ರತಿ ಸಲವೂ ಆಗುತ್ತಿತ್ತು. ಪ್ರತಿ ಸಲವೂ ಬರುತ್ತಿದ್ದಳು, ಹುಬ್ಬಿನ ಮೇಲೆ ಹನಿಗಳನ್ನು ಹೊತ್ತುಕೊಂಡು.

ರಜೆ ಚೀಟಿ ಬರೆದಿಟ್ಟು ರಸ್ತೆಗಿಳಿದವನಿಗೆ, ಏನು ಹೇಳಿ ಎಬ್ಬಿಸುವುದು ಎಂಬ ಯೋಚನೆ ಹತ್ತಿತು. ಪಾಠದಲ್ಲಿ ಅವನು ಹಲಗೆಯ ಮೇಲೆ ಗೆರೆ ಎಳೆದು ಮೂರು ಅಂಕಣ ಮಾಡುತ್ತಿದ್ದ. ಮೊದಲನೆಯದರಲ್ಲಿ, ಮನುಷ್ಯ ಎಲ್ಲಕ್ಕಿಂತ ಮೇಲಿನವನು, ಮಣ್ಣು ನೀರು ಪ್ರಾಣಿ ಎಲ್ಲ ಅವನ ಉಪಯೋಗಕ್ಕೆ ಹುಟ್ಟಿದವು ಎನ್ನುವವರು. ಎರಡನೆಯದರಲ್ಲಿ, ಮನುಷ್ಯ ಮೇಲಿನವನೇನೋ ಹೌದು, ಆದರೆ ಒಡೆಯನಲ್ಲ, ಕಾವಲಿನವನು, ಒಂದು ದಿನ ಲೆಕ್ಕ ಒಪ್ಪಿಸಬೇಕಾದವನು ಎನ್ನುವವರು. ಮೂರನೆಯದರಲ್ಲಿ, ಮೇಲೂ ಇಲ್ಲ ಕೆಳಗೂ ಇಲ್ಲ, ಎಲ್ಲದರೊಳಗೂ ಇರುವುದು ಒಂದೇ, ಹುಳವೂ ನೀನೂ ಒಂದೇ ಉಸಿರಿನವರು ಎನ್ನುವವರು. ಮೂರನೆಯ ಅಂಕಣ ತುಂಬುವ ಹೊತ್ತಿಗೆ ಹಿಂದಿನ ಬೆಂಚುಗಳಲ್ಲಿ ನಿದ್ದೆ ಶುರುವಾಗಿರುತ್ತಿತ್ತು. ಆಗ ಅವನು ಸೀಮೆಸುಣ್ಣ ಕೆಳಗಿಟ್ಟು, ಅಂಗೈ ಕೊಡವಿ, ಯಾರೋ ಒಬ್ಬ ಹೆಂಗಸು ಇದ್ದಳಂತೆ ಎಂದು ಶುರುಮಾಡುತ್ತಿದ್ದ. ಯಾರೋ ಒಬ್ಬ ಹೆಂಗಸು, ಬಿಸಿನೀರು ಚೆಲ್ಲುವ ಮೊದಲು ಹುಳಗಳಿಗೆ ಹೇಳಿ ಚೆಲ್ಲುತ್ತಿದ್ದಳಂತೆ. ದನಿಯನ್ನು ಜೇನಿನಷ್ಟು ಮೆದು ಮಾಡಿಕೊಂಡು ಆ ಮಾತನ್ನು ಆಡಿ ತೋರಿಸುತ್ತಿದ್ದ. ಹುಡುಗರು ಎಚ್ಚರಾಗುತ್ತಿದ್ದರು, ಹುಡುಗಿಯೊಬ್ಬಳು ಯಾವಾಗಲೋ ಕಣ್ಣೊರೆಸಿಕೊಂಡದ್ದೂ ಉಂಟು. ಉತ್ತರಪತ್ರಿಕೆಗಳಲ್ಲಿ ಆ ಹೆಂಗಸು ಬೆಳೆಯುತ್ತ ಹೋಗಿದ್ದಳು. ಒಬ್ಬ ಅವಳನ್ನು ಸಂತಳು ಎಂದು ಬರೆದಿದ್ದ. ಇನ್ನೊಬ್ಬ, ಅವಳು ಕಾಡಿನಲ್ಲಿ ವಾಸಿಸುತ್ತಿದ್ದು ಮೌನವಾಗಿಯೇ ಉಪದೇಶ ಮಾಡುತ್ತಿದ್ದಳು ಎಂದು ಬರೆದು ಪೂರ್ತಿ ಅಂಕ ನಿರೀಕ್ಷಿಸಿದ್ದ. ಅವನು ಕೆಂಪು ಶಾಯಿಯಲ್ಲಿ ಗೀಚಿ ಹಾಕಲು ಹೋಗಿ, ಹಾಕಲಾರದೆ, ಅರ್ಧ ಅಂಕ ಕೊಟ್ಟಿದ್ದ. ನನ್ನ ತಾಯಿ ಎಂದು ಒಂದು ಸಲವೂ ಅವನು ಹೇಳಿರಲಿಲ್ಲ. ಹೇಳಿದರೆ, ಎಲ್ಲಿ ಸಾರ್, ಯಾವ ಮೋರಿ ಸಾರ್, ಅಷ್ಟೊಂದು ಬಿಸಿನೀರು ಯಾಕೆ ಸಾರ್ ಎಂಬ ಪ್ರಶ್ನೆಗಳು ಬರುತ್ತಿದ್ದವು, ಕೊನೆಗೆ ಊರವರ ಕೊಳೆಬಟ್ಟೆಯ ರಾಶಿಯ ಹತ್ತಿರ ಬಂದು ನಿಲ್ಲುತ್ತಿದ್ದವು.

ಓಣಿಯ ತಿರುವಿನಲ್ಲಿ ಗೋಡೆಗೆ ಆತು ಬೆಳೆದಿದ್ದ ಹುಲ್ಲು ಬಾಡಿತ್ತು. ಲಾಂಡ್ರಿಯ ಮುಂದಿನ ಕಿಟಕಿಯ ಗಾಜು ಯಾವತ್ತಿನಂತೆ ಒಳಗಿನಿಂದ ಬೆವರಿತ್ತು. ಆ ಗಾಜಿನ ಹಿಂದೆಯೇ ಅಪ್ಪನ ಇಸ್ತ್ರಿ ಮೇಜು ಇದ್ದದ್ದು. ಅಪ್ಪ ವಾರಕ್ಕೊಮ್ಮೆ ಪ್ರಾರ್ಥನಾ ಮಂದಿರದಲ್ಲಿ ಉಪದೇಶ ಮಾಡುತ್ತಿದ್ದ, ಅದರ ಅಭ್ಯಾಸವನ್ನೆಲ್ಲ ವಾರವಿಡೀ ಅಂಗಿಗಳ ಮುಂದೆ ಮಾಡುತ್ತಿದ್ದ. ಕಾಲರಿಗೆ ಒಂದು ಮಾತು, ತೋಳಿಗೆ ಒಂದು ಮಾತು, ಬೆನ್ನಿನ ಅಗಲಕ್ಕೆ ಬಂದಾಗ ದೊಡ್ಡ ಮಾತು. ಈ ಲೋಕ ನಮಗೆ ಒಗೆಯಲು ಕೊಟ್ಟ ಬಟ್ಟೆ, ನಮ್ಮದಲ್ಲ, ಹರಿಯದಂತೆ ಒಗೆದು ಮಡಿಸಿ ಯಜಮಾನನಿಗೆ ವಾಪಸು ಕೊಡಬೇಕು ಎಂದು ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಹಿಡಿದು ಹೇಳಿದರೆ ಒಳಗಿನ ಕೆಂಡ ಸಣ್ಣಗೆ ಸಿಡಿದು ಮಾತಿಗೆ ತಾಳ ಹಾಕುತ್ತಿತ್ತು. ಗಂಜಿ ಕದಡುತ್ತಿದ್ದ ಅಮ್ಮ ಅಲ್ಲಿಂದಲೇ ಕೇಳುತ್ತಿದ್ದಳು, ಯಾರ ಬಟ್ಟೆ ಅಂತ ಹೇಗೆ ಗೊತ್ತು, ಗುರುತು ಹಾಕಿದಾರಾ? ಲಾಂಡ್ರಿಗೆ ಬಂದ ಪ್ರತಿ ಬಟ್ಟೆಯ ಮೂಲೆಗೂ ಮನೆಗೊಂದರಂತೆ ನೂಲಿನ ಗುರುತು ಹಾಕುತ್ತಿದ್ದವಳು ಅವಳೇ. ಅಪ್ಪ ಇಸ್ತ್ರಿ ಇಳಿಸಿ ಇನ್ನೊಂದು ಅಂಗಿ ಎಳೆದುಕೊಳ್ಳುತ್ತಿದ್ದ. ಒಂದೇ ಒಂದು ಸಲ, ಅದು ಯಾವ ವರ್ಷವೋ, ಮಳೆ ಬಂದು ಒಣಗಿಹಾಕಿದ್ದೆಲ್ಲ ನೆನೆದು ಎಲ್ಲರೂ ಸುಸ್ತಾಗಿದ್ದ ದಿನ, ಅಪ್ಪ ಹೇಳಿದ್ದ, ಗುರುತಿಲ್ಲ ಅಂತಲೇ ಹೆಚ್ಚು ಜೋಪಾನ ಮಾಡಬೇಕು ಕಣೆ, ಯಾರು ಬಂದು ಕೇಳ್ತಾರೋ ಗೊತ್ತಿಲ್ಲವಲ್ಲ. ಅವತ್ತು ಅಮ್ಮ ಮತ್ತೆ ಗಂಜಿ ಕದಡತೊಡಗಿದಳು. ಅಪ್ಪನ ಆ ಮಾತನ್ನು ಅವನು ಎರಡನೆಯ ಅಂಕಣದಲ್ಲಿ ಯಾಕೆ ಸೇರಿಸಿರಲಿಲ್ಲ? ಬಾಗಿಲು ತಳ್ಳುವಾಗ ಹೊಳೆದ ಈ ಪ್ರಶ್ನೆಗೆ ಅವನ ಕಿವಿ ಬಿಸಿಯಾಯಿತು. ಸೇರಿಸಲಿಲ್ಲ, ಏಕೆಂದರೆ ಅಪ್ಪ ಪುಸ್ತಕ ಬರೆದಿರಲಿಲ್ಲ.

ಒಳಗೆ ಮಿಷನ್ನು, ಹೊಸ ಸೊಸೆಯಂತೆ ಎಲ್ಲರ ಕಣ್ಣೂ ತನ್ನ ಮೇಲಿದೆಯೆಂದು ಗೊತ್ತಿದ್ದೂ ಗೊತ್ತಿಲ್ಲದ ಹಾಗೆ, ಥಳಥಳ ಹೊಳೆಯುತ್ತ ನಿಂತಿತ್ತು. ಫಿಟ್ಟರ್ ಬೋರಲು ಹಾಕಿದ ಬಕೇಟಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ, ನಡುವಯಸ್ಸಿನವನು, ಯಾವ ಮನೆಯ ಜಗಳವೂ ತನಗೆ ಹೊಸದಲ್ಲ ಎಂಬ ಮುಖ. ಭಾವ ಫಿಟ್ಟರಿಗೆ ಇವನನ್ನು ಪರಿಚಯ ಮಾಡಿಕೊಟ್ಟ, ನನ್ನ ಹೆಂಡತಿ ತಮ್ಮ, ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಫಿಟ್ಟರ್ ಎದ್ದು ನಮಸ್ಕಾರ ಮಾಡಿ, ಅದನ್ನ ಓದಿದ್ರೆ ಯಾವ ಕೆಲಸ ಸಿಗುತ್ತೆ ಸಾರ್ ಎಂದು ನಿಜವಾದ ಕುತೂಹಲದಿಂದ ಕೇಳಿದ. ಅದನ್ನ ಪಾಠ ಮಾಡೋ ಕೆಲಸ ಎಂದ ಅವನು. ಫಿಟ್ಟರ್ ಸ್ವಲ್ಪ ಯೋಚಿಸಿ, ಒಳ್ಳೇದೇ ಬಿಡಿ ಎಂದು ಮತ್ತೆ ಬಕೇಟಿನ ಮೇಲೆ ಕೂತ.

ಅಕ್ಕ ಹಿತ್ತಲಲ್ಲಿದ್ದಳು. ಒಗೆಯುವ ಕಲ್ಲಿನ ಪಕ್ಕ, ಅಮ್ಮನ ಕಾಲದಲ್ಲಿ ನೀಲಿ ಹಾಕುತ್ತಿದ್ದ ಕಲ್ಲಿನ ತೊಟ್ಟಿ. ಅದರಾಚೆ ಮೋರಿಯ ಬಾಯಿ. ಅದರ ಮೇಲೆ ನಾಲ್ಕು ಕಾಲೂರಿದ ಕುರ್ಚಿ, ಕುರ್ಚಿಯಲ್ಲಿ ಅಕ್ಕ. ಹಟ ಹಿಡಿದು ಕೂತವಳಂತೆ ಕಾಣುತ್ತಿರಲಿಲ್ಲ. ಮಡಿಲಲ್ಲಿ ದಿಂಬಿನ ಚೀಲಗಳನ್ನಿಟ್ಟುಕೊಂಡು ಗುರುತು ಹೊಲಿಯುತ್ತಿದ್ದಳು, ಅಮ್ಮನ ಹಾಗೆಯೇ ಹಲ್ಲಿನಿಂದ ನೂಲು ಕಡಿಯುತ್ತ.

“ಬಂದ್ಯಾ? ಏನು, ಕಾಲೇಜು ಮುಚ್ಚಿಬಿಟ್ರಾ?” ಎಂದಳು.

ಭಾವ ಕರೆದರು ಎಂದ. ಕರೀತಾರೆ, ನಿನ್ನ ಮಾತಿಗೆ ಬೆಲೆ ಜಾಸ್ತಿ, ನಾನು ಮನೇಲಿರೋಳು ಎಂದಳು. ಅವನು ತೊಟ್ಟಿಯ ಅಂಚಿನ ಮೇಲೆ ಕೂತ. ಕಲ್ಲು ಬಿಸಿಲಿಗೆ ಬೆಚ್ಚಗಾಗಿತ್ತು. ಚಿಕ್ಕಂದಿನಲ್ಲಿ ಇದೇ ಅಂಚಿನ ಮೇಲೆ ಅವನನ್ನು ಕೂರಿಸಿ ಅಕ್ಕ ಕಾಲು ತೊಳೆಯುತ್ತಿದ್ದಳು, ಬೆರಳ ಸಂದಿಗೆಲ್ಲ ಕೈಹಾಕಿ, ಅವನು ಕಚಗುಳಿಗೆ ಒದ್ದಾಡಿದರೆ ಬೆನ್ನಿಗೊಂದು ಕೊಟ್ಟು. ಅಮ್ಮ ಹೋದ ಮೇಲೆ ಹಂಡೆ, ಚೊಂಬು, ಮೋರಿಗೆ ಹೇಳುವ ಮಾತು ಎಲ್ಲ ಅಕ್ಕನ ಕೈಗೆ ಬಂದಿದ್ದವು. ಪ್ರಾರ್ಥನಾ ಮಂದಿರಕ್ಕೆ ಅವಳು ಹೋಗುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ದೇವರ ಮಾತೆತ್ತಿದರೆ, ಇದ್ರೆ ಇರ್ಲಿ ಪಾಪ, ನನ್ನಿಂದೇನು ತೊಂದರೆ ಎನ್ನುವವಳು. ಆದರೆ ದಿನಕ್ಕೆ ಅದೆಷ್ಟು ಸಲವೋ ಬಗ್ಗಿ ಮೋರಿಗೆ ಹೇಳುವುದನ್ನು ಮಾತ್ರ ತಪ್ಪಿಸಿರಲಿಲ್ಲ. ಅವಳಿಗೆ ಇದು ನಂಬಿಕೆಯೇ, ರೂಢಿಯೇ ಎಂದು ಅವನು ಹಿಂದೆ ಯಾವತ್ತೂ ಕೇಳಿರಲಿಲ್ಲ. ಕೇಳಿದ್ದರೆ ಯಾವ ಅಂಕಣಕ್ಕೆ ಹಾಕುತ್ತಿದ್ದೆನೋ ಎಂದುಕೊಂಡ.

ಮೇಷ್ಟ್ರ ಕೆಲಸ ಶುರುಮಾಡಿದ. ಹುಳಗಳಿಗೆ ಕಿವಿಯಿಲ್ಲ, ಎರೆಹುಳುವಿಗೆ ತಿಳಿಯುವುದು ನೆಲದ ನಡುಕ ಮಾತ್ರ, ಮಾತಲ್ಲ ಎಂದ. ಕಪ್ಪೆಗಿದೆಯಲ್ಲ ಎಂದಳು ಅಕ್ಕ. ಕಪ್ಪೆಗೆ ಭಾಷೆ ಬರುವುದಿಲ್ಲ ಎಂದ. ನಿಮ್ಮ ಭಾವನಿಗೆ ಬರುತ್ತೆ, ಕೇಳಿಸ್ಕೊಳ್ತಾರಾ ಎಂದಳು. ಒಳಗೆ ಭಾವ ಏನನ್ನೋ ಸದ್ದುಮಾಡಿ ಕೆಳಗಿಟ್ಟ. ಅವನು ಬೇರೆ ದಾರಿ ಹಿಡಿದ. ಕುದಿನೀರು ಹಾಕುವುದೇ ಚಾದರದಲ್ಲಿರುವ ಕ್ರಿಮಿಗಳನ್ನು ಕೊಲ್ಲಲು. ಹಾಗಿರುವಾಗ ಅವಕ್ಕೂ ಮೊದಲೇ ಹೇಳಬೇಕಾಗುತ್ತದಲ್ಲ, ಎಲ್ಲಿಗೆ ನಿಲ್ಲಿಸುವುದು ಎಂದು ಕೇಳಿದ. ಇದು ಅವನ ತರಗತಿಯ ಬಾಣ, ಇದಕ್ಕೆ ಯಾರೂ ಉತ್ತರ ಕೊಟ್ಟಿದ್ದಿಲ್ಲ. ಅಕ್ಕ ಸೂಜಿಗೆ ನೂಲು ಪೋಣಿಸುತ್ತ, ಅವಕ್ಕೆ ಹೇಳೋದು ಡಾಕ್ಟರ ಕೆಲಸ, ನನ್ನ ಮೋರಿಗೆ ನಾನು ಹೇಳ್ತೀನಿ ಎಂದಳು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಫಿಟ್ಟರ್ ಮೊದಲ ಸಲ ನಕ್ಕ.

“ನಿನ್ನ ಕಾಲೇಜಿನ ಹುಡುಗ ಒಬ್ಬ ಬಟ್ಟೆ ಹಾಕೋಕೆ ಬರ್ತಾನೆ,” ಎಂದಳು ಅಕ್ಕ, ಅದೇ ದನಿಯಲ್ಲಿ, ತಲೆಯೆತ್ತದೆ. “ನಾನು ಮೋರಿಗೆ ಹೇಳೋದು ಕೇಳಿಸ್ಕೊಂಡು ಹೆದ್ರಿಬಿಟ್ಟ. ‘ನಮ್ಮ ಸಾರ್ ಹೇಳೋ ಕತೇಲಿ ಬರೋ ಹೆಂಗಸು ಹೀಗೇ ಹೇಳ್ತಿದ್ಲಂತೆ’ ಅಂದ. ಯಾರಂತಪ್ಪ ಆ ಹೆಂಗಸು ಅಂದೆ. ಯಾರೋ ಒಬ್ಳು ಅಂದ.”

ಅವನು ತೊಟ್ಟಿಯ ತಳ ನೋಡಿದ. ಎಷ್ಟೋ ಕಾಲದಿಂದ ನೀರು ಕಾಣದ ಕಲ್ಲಿನಲ್ಲಿ ನೀಲಿಯ ಕಲೆ ಇನ್ನೂ ಇತ್ತು, ಯಾರೋ ಆಕಾಶದ ಕೊನೆಯ ಚೂರನ್ನು ಅಲ್ಲಿ ತಿಕ್ಕಿ ಬಿಟ್ಟ ಹಾಗೆ. ಅಕ್ಕ ಇನ್ನೇನಾದರೂ ಹೇಳುತ್ತಾಳೆ ಎಂದು ಕಾದ. ಅವಳು ಇನ್ನೊಂದು ದಿಂಬಿನ ಚೀಲ ಎಳೆದುಕೊಂಡಳು. ಬೈದಿದ್ದರೆ ಎದ್ದು ಹೋಗಿಬಿಡಬಹುದಿತ್ತು. ಆ ಮುಜುಗರವನ್ನು ಮುಚ್ಚಿಕೊಳ್ಳಲೆಂದೇ ಇರಬೇಕು, ಅವನು ಫಿಟ್ಟರಿನತ್ತ ತಿರುಗಿ, ಈ ನೀರನ್ನು ತಣ್ಣಗೆ ಮಾಡಿ ಹೊರಗೆ ಬಿಡಲು ಬರುವುದಿಲ್ಲವೇ ಎಂದು ಕೇಳಿದ. ಬರುತ್ತದೆ ಎಂದ ಫಿಟ್ಟರ್. ಅದಕ್ಕೊಂದು ಗುಂಡಿ ಇದೆ, ಒತ್ತಿದರೆ ಮಿಷನ್ನು ತಣ್ಣೀರು ಬೆರೆಸಿ ಬಿಡುತ್ತದೆ, ನೀರು ಸ್ವಲ್ಪ ಜಾಸ್ತಿ ಖರ್ಚು, ಯಾರೂ ಕೇಳಲಿಲ್ಲವೆಂದು ತಾನು ಹೇಳಿರಲಿಲ್ಲ. ಅವನ ಎದೆ ಹಗುರಾಯಿತು. ಇಷ್ಟೇ ತಾನೆ! ತರಗತಿಯಲ್ಲಿ ಗಂಟೆ ಹೊಡೆಯುವ ಮೊದಲೇ ಪಾಠ ಮುಗಿದಾಗಿನ ಖುಷಿ. ಭಾವ ಹೊರಗೆ ಬಂದು, ನೋಡಿದ್ಯಾ, ಓದಿದೋರು ಅಂದ್ರೆ ಓದಿದೋರೇ ಎಂದು ಅವನ ಬೆನ್ನು ತಟ್ಟಿದ.

ಅಕ್ಕ ಹೊಲಿಗೆ ನಿಲ್ಲಿಸಿದಳು. “ಹಾಗಾದ್ರೆ ಒಳಗಿರೋವಕ್ಕೆ ನೋವಾಗಲ್ಲ.”

“ಆಗಲ್ಲ ಅಕ್ಕ.”

“ಯಾರೂ ಏನೂ ಹೇಳ್ಬೇಕಾಗೂ ಇಲ್ಲ.”

“ಇಲ್ವಲ್ಲ. ಅದೇ ನಾನು ಹೇಳ್ತಿರೋದು.”

ಅವಳು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು, ಕಲೆ ಹೋಗಿದೆಯೋ ಇಲ್ಲವೋ ಎಂದು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ. ಆಮೇಲೆ ದಿಂಬಿನ ಚೀಲಗಳನ್ನು ಮಡಿಲಿನಿಂದ ಎತ್ತಿಕೊಂಡು, ಕುರ್ಚಿಯ ಬೆನ್ನು ಹಿಡಿದು ಎಳೆದುಕೊಂಡು ಪಕ್ಕಕ್ಕೆ ಹೋದಳು. ಹಾಕ್ಕೊಳ್ಳಿ ಎಂದಳು. ಅಷ್ಟು ಸುಲಭವಾಗಿ. ಫಿಟ್ಟರ್ ಪೈಪು ಇಳಿಸಿದ, ಸಿಮೆಂಟು ಕಲಸಿದ, ಮೋರಿಯ ಬಾಯಿ ಸುತ್ತ ಬಳಿಯತೊಡಗಿದ. ಆ ಬಾಯಿ, ಅವನು ಹುಟ್ಟಿದಾಗಿನಿಂದ ತೆರೆದೇ ಇದ್ದದ್ದು, ಪೈಪಿನ ಸುತ್ತ ಸಣ್ಣದಾಗುತ್ತ, ಕರಣೆ ತಿರುಗಿದಂತೆಲ್ಲ ತುಟಿ ಬಿಗಿದುಕೊಳ್ಳುತ್ತ ಹೋಯಿತು. ಭಾವ ಆಸ್ಪತ್ರೆಗೆ ಫೋನು ಮಾಡಿ, ಗಾಡಿ ಕಳಿಸಿ, ಎಲ್ಲ ರೆಡಿ ಎಂದು ಹೇಳುತ್ತಿದ್ದದ್ದು ಒಳಗಿನಿಂದ ಕೇಳಿಸುತ್ತಿತ್ತು. ಗೆದ್ದೆ ಎಂದುಕೊಂಡ ಅವನು. ಗೆದ್ದವನಿಗೆ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಅಕ್ಕ ಕೂತಲ್ಲಿಂದಲೇ, ತನಗೆ ತಾನೇ ಹೇಳಿಕೊಳ್ಳುವಂತೆ, ನೀನು ಆ ಹುಡುಗರಿಗೆ ಅಮ್ಮನ ಮಾತನ್ನ ಹೇಗೆ ಹೇಳ್ತೀಯ, ಹೇಳು ನೋಡೋಣ ಎಂದಳು. ಅವನಿಗೆ ನಾಚಿಕೆಯಾಯಿತು. ಬಿಡಲಿಲ್ಲ ಅವಳು. ಕೊನೆಗೆ ತರಗತಿಯ ದನಿಯಲ್ಲಿ, ಮೆದುವಾಗಿ, ಸರ್ಕೊಳ್ರಪ್ಪ ಎಂದು ಅವನು ಶುರುಮಾಡುತ್ತಿದ್ದಂತೆ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು, ಹೆಗಲು ಕುಲುಕುವ ಹಾಗೆ ನಗತೊಡಗಿದಳು.

“ಅಯ್ಯೋ, ಅಮ್ಮ ಯಾವತ್ತೋ ಹಾಗೆ ಹೇಳಿದ್ದು? ಅವಳು ಬೈತಿದ್ಲು ಕಣೋ. ‘ಏಳ್ರೋ ಸೋಮಾರಿಗಳಾ, ಬಾಡಿಗೆ ಇಲ್ಲ ಏನಿಲ್ಲ, ಮಲಗಿಬಿಟ್ಟಿದೀರಾ, ಸರ್ಕೊಳ್ಳಿ, ಬೆಂದು ಹೋಗ್ತೀರಿ’ ಅಂತ. ಹಿಂದಿನ ದಿನ ಅಪ್ಪನ ಮೇಲೆ ಕೋಪ ಇದ್ರೆ ಅದೂ ಅವುಗಳ ಮೇಲೇ. ನೀನು ಪರೀಕ್ಷೇಲಿ ಫೇಲಾದಾಗ ಅವಕ್ಕೆ ಬಿದ್ದ ಬೈಗುಳ, ಪಾಪ, ಯಾವ ಕಪ್ಪೇನೂ ಆ ವಾರ ಕೂಗ್ಲಿಲ್ಲ.”

ಅವನೂ ನಕ್ಕ, ಆದರೆ ನಗುವಿನ ಕೆಳಗೆ ಏನೋ ಜಾರಿಹೋಯಿತು. ಜೇನಿನಂಥ ಆ ದನಿ ಎಲ್ಲಿಂದ ಬಂದಿತ್ತು ಹಾಗಾದರೆ? ಅದನ್ನು ಅವನೇ ಮಾಡಿಕೊಂಡದ್ದೇ? ಕಣ್ಣುಮುಚ್ಚಿ ಅಮ್ಮನನ್ನು ಹಬೆಯ ಹಿಂದಿನಿಂದ ಕರೆದ. ಬಂದಳು, ಈ ಸಲ ಹುಬ್ಬು ಗಂಟಿಕ್ಕಿಕೊಂಡು, ಕೈ ಬೀಸುತ್ತ, ಬಾಯಿತುಂಬ ಬೈಯುತ್ತ. ಹೌದು, ಇದೇ. ಆ ಹಿತ್ತಲಿನ ಬೆಳಗುಗಳೆಲ್ಲ ಅವಳ ಬೈಗುಳದಿಂದಲೇ ಶುರುವಾಗುತ್ತಿದ್ದವು, ಒಳಗೆ ಮಲಗಿದ್ದ ಅವನಿಗೂ ಅದರಲ್ಲಿ ಒಂದು ಪಾಲು ಇರುತ್ತಿತ್ತು. ಕಪ್ಪೆ, ಗಂಡ, ಎರೆಹುಳು, ಮಗ ಎಲ್ಲ ಒಂದೇ ಸೋಮಾರಿಗಳ ಪಟ್ಟಿಯಲ್ಲಿ. ಹಾಸಿಗೆಯಲ್ಲಿ ಹೊರಳುತ್ತ ಅವನು ಆ ದನಿ ಕೇಳಿಸಿಕೊಳ್ಳುತ್ತಿದ್ದ, ಬೈಸಿಕೊಳ್ಳುವವರಲ್ಲಿ ತಾನೂ ಒಬ್ಬ ಎಂಬುದು ಎಷ್ಟು ಬೆಚ್ಚಗಿರುತ್ತಿತ್ತು. ಪೂಜೆಯಲ್ಲ ಅದು, ಕರುಣೆಯೂ ಅಲ್ಲ. ಒಂದೇ ಮನೆಯಲ್ಲಿ ಒಗ್ಗಿಹೋದವರ ಕಿರಿಕಿರಿ. ಅವನ ಮೂರು ಅಂಕಣಗಳಲ್ಲಿ ಯಾವುದರಲ್ಲೂ ಬೈಗುಳಕ್ಕೆ ಜಾಗವಿರಲಿಲ್ಲ. ಅಮ್ಮನನ್ನು ಅಷ್ಟು ದಿನ ಅವನು ಗಂಜಿ ಹಾಕಿ, ಇಸ್ತ್ರಿ ಮಾಡಿ, ಹುಡುಗರ ಮುಂದೆ ಗರಿಗರಿಯಾಗಿ ಹಿಡಿದು ತೋರಿಸುತ್ತ ಬಂದಿದ್ದ.

“ನಾನೂ ಬೈತೀನಿ,” ಎಂದಳು ಅಕ್ಕ. ನಗು ನಿಂತಿತ್ತು. “ಈ ಮನೇಲಿ ನನ್ನ ಮಾತು ಯಾರು ಕೇಳ್ತಾರೆ, ನೀನೇ ಹೇಳು. ನಿಮ್ಮ ಭಾವ ಒಳ್ಳೆಯೋರು, ಆದ್ರೆ ಲೆಕ್ಕ ಬಿಟ್ರೆ ಬೇರೆ ಮಾತಿಲ್ಲ. ನೀನು ಫೋನ್ ಮಾಡಿದ್ರೆ ‘ಎಲ್ಲ ಚೆನ್ನಾಗಿದೀರಾ’ ಅಂತ ಕೇಳಿ ಇಟ್ಬಿಡ್ತೀಯ. ನಾನು ಬಗ್ಗಿ ಅಲ್ಲಿ ಒಂದೆರಡು ಮಾತು ಹೇಳ್ತಿದ್ದೆ. ಈಗ ನೀರು ತಣ್ಣಗಾಗುತ್ತೆ. ಸರಿನೇ, ಯಾರಿಗೂ ನೋವಿಲ್ಲ. ಆದ್ರೆ ನೋವಿಲ್ಲ ಅಂದಮೇಲೆ ಅಲ್ಲಿ ಯಾರೋ ಇದಾರೆ ಅನ್ನೋದು ಯಾರಿಗೆ ನೆನಪಿರುತ್ತೆ?”

ಫಿಟ್ಟರಿನ ಕರಣೆ ನುಣ್ಣಗೆ ಕೊನೆಯ ಸುತ್ತು ಬರುತ್ತಿತ್ತು. ಅವನ ತಲೆಯಲ್ಲಿ ಯಾವ ದೇಶದ ಯಾವ ಕಾಲದವರು ಏನೆಂದರು ಎಂಬುದೆಲ್ಲ ಸಾಲುಗಟ್ಟಿ ನಿಂತಿತ್ತು. ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಮೊದಲ ಸಲ ಅವನ ಹತ್ತಿರ ನಿಜಕ್ಕೂ ಏನನ್ನೋ ತಿಳಿದುಕೊಳ್ಳಬೇಕಾದವಳಂತೆ ಮುಂದಕ್ಕೆ ಬಾಗಿದಳು.

“ತಮಾಷೆ ಬಿಡು. ನೀನು ಅಷ್ಟೊಂದು ಓದಿದೀಯಲ್ಲ. ಅವಕ್ಕೆ ಕೇಳಿಸ್ತಿತ್ತಾ?”

ಇಲ್ಲ ಎಂದುಬಿಟ್ಟರೆ ಎಲ್ಲ ಸರಿಹೋಗುತ್ತಿತ್ತು. ಸಿಮೆಂಟು ಗಟ್ಟಿಯಾಗುತ್ತಿತ್ತು, ಗಾಡಿ ಬರುತ್ತಿತ್ತು, ಅಂಗಡಿ ಉಳಿಯುತ್ತಿತ್ತು, ಅಕ್ಕ ಕುರ್ಚಿಯನ್ನು ಒಳಗಿಡುತ್ತಿದ್ದಳು. ಸ್ವಲ್ಪ ಮೊದಲು ಅವನು ಕಿವಿಯಿಲ್ಲ ಎಂದು ಹೇಳಿಯೂ ಇದ್ದ. ಆದರೆ ಅವಳು ಕಿವಿಯ ವಿಷಯ ಕೇಳುತ್ತಿರಲಿಲ್ಲ. ಅವನು ಕೇಳಿಕೊಂಡ, ತನ್ನೊಳಗೇ, ಪಾಠದ ಹಲಗೆಗಳನ್ನೆಲ್ಲ ಒರೆಸಿ. ಅಲ್ಲಿ ನಿಜವಾಗಿ ಏನಿತ್ತು? ಅಮ್ಮ ಹೇಳಿ ನಿಲ್ಲುತ್ತಿದ್ದಳಲ್ಲ, ಆ ಸ್ವಲ್ಪ ಹೊತ್ತಿನಲ್ಲಿ, ಆ ಕತ್ತಲಲ್ಲಿ?

“ಗೊತ್ತಿಲ್ಲ ಅಕ್ಕ,” ಎಂದ. ದನಿ ತರಗತಿಯದಾಗಿರಲಿಲ್ಲ.

“ಅಷ್ಟು ಓದಿ?”

“ಅಷ್ಟು ಓದಿ.”

ಅಕ್ಕ ಕುರ್ಚಿಗೆ ಒರಗಿದಳು. ಅವಳ ಮುಖದಲ್ಲಿ ಸೋಲೂ ಇರಲಿಲ್ಲ, ಗೆಲುವೂ ಇರಲಿಲ್ಲ. ಬಹಳ ದಿನ ಒಬ್ಬಳೇ ಹೊತ್ತ ಹಂಡೆಯ ಒಂದು ಕಿವಿಯನ್ನು ಇನ್ನೊಬ್ಬರು ಹಿಡಿದಂಥ ಸಮಾಧಾನ ಮಾತ್ರ ಇತ್ತು. “ನನಗೂ ಗೊತ್ತಿಲ್ಲ ಕಣೋ,” ಎಂದಳು. “ಅದಕ್ಕೇ ಹೇಳ್ತಿದ್ದೆ.”

ಆಮೇಲೆ ಅವನು ಮಾಡಿದ್ದನ್ನು ಭಾವ ಇವತ್ತಿಗೂ ಹುಚ್ಚು ಎಂದೇ ಹೇಳುತ್ತಾನೆ. ಅಂಗಿಯ ತೋಳನ್ನೂ ಮಡಿಸದೆ ಮೋರಿಯ ಮುಂದೆ ಮಂಡಿಯೂರಿ, ಹಸಿ ಸಿಮೆಂಟಿನೊಳಕ್ಕೆ ಎರಡೂ ಕೈ ತೂರಿಸಿ ಪೈಪನ್ನು ಹಿಡಿದು ಎಳೆದ. ಮೊದಲು ಬರಲಿಲ್ಲ. ಫಿಟ್ಟರ್, ಸಾರ್ ಸಾರ್ ಎನ್ನುತ್ತ ನಿಂತವನು, ಇವನ ಬೆನ್ನಿನ ಬಲ ನೋಡಿ ಅಯ್ಯೋ ಅನ್ನಿಸಿರಬೇಕು, ತಾನೂ ಬಗ್ಗಿ ಒಂದು ಕೈ ಹಾಕಿದ. ಪೈಪು ಪಚಕ್ಕೆಂದು ಕಿತ್ತುಬಂದು ಇಬ್ಬರೂ ಹಿಂದಕ್ಕೆ ಕೂತರು. ಓಡಿಬಂದ ಭಾವ ಪೈಪನ್ನೂ ಇವನ ಕೈಗಳನ್ನೂ ನೋಡಿದ. ಹ್ಞೂ, ನಿನ್ನನ್ನ ಕರೆಸಿದ್ದೇ ತಪ್ಪಾಯ್ತು ಎಂದ, ಬಹಳ ಸಣ್ಣ ದನಿಯಲ್ಲಿ, ಸಿಟ್ಟಿಗಿಂತ ಭಯ ಹೆಚ್ಚಿದ್ದ ದನಿಯಲ್ಲಿ. ಭಾವ ಕೆಟ್ಟವನಲ್ಲ, ಈ ಗೋಡೆಗಳು ನಿಂತಿರುವುದೇ ಅವನ ಲೆಕ್ಕದ ಮೇಲೆ. ಗಾಡಿ ದಾರಿಯಲ್ಲಿದೆ. ಮೊಣಕೈಯವರೆಗೆ ಬೂದು ಬಣ್ಣ ಮೆತ್ತಿಕೊಂಡು ಅವನು ತೊಟ್ಟಿಯ ಕಡೆ ನೋಡಿದ, ತೊಟ್ಟಿಯ ತಳದಲ್ಲಿ ನೀರು ಬಿಡುವ ತೂತಿತ್ತು, ಅದಕ್ಕೆ ಬಟ್ಟೆ ಸುತ್ತಿದ ಮರದ ಬಿರಡೆ. ಪೈಪು ಇಲ್ಲಿಗೆ ಬಿದ್ದರೆ ಆಗುವುದಿಲ್ಲವೇ ಎಂದು ಫಿಟ್ಟರನ್ನು ಕೇಳಿದ. ಮಿಷನ್ನಿಗೇನು, ನೀರು ಎಲ್ಲಿ ಬಿದ್ದರೂ ಒಂದೇ ಎಂದ ಫಿಟ್ಟರ್. ಆದರೆ ಪ್ರತಿ ಸಲವೂ ಯಾರಾದರೂ ಬಂದು ಆ ಬಿರಡೆ ಕಿತ್ತು ಮೋರಿಗೆ ಬಿಡಬೇಕಾಗುತ್ತೆ ಸಾರ್, ಇಲ್ಲದಿದ್ದರೆ ತುಂಬಿ ಹಿತ್ತಲೆಲ್ಲ ಹೊಳೆ.

ಎಲ್ಲರೂ ಅಕ್ಕನ ಕಡೆ ನೋಡಿದರು. ಅವಳು ಎದ್ದು ಬಂದು, ತೊಟ್ಟಿಯೊಳಕ್ಕೆ ಬಗ್ಗಿ ಬಿರಡೆಯನ್ನು ಒಂದು ಸಲ ಅಲ್ಲಾಡಿಸಿ ನೋಡಿದಳು.

“ತಣ್ಣೀರೂ ಬೆರೆಸು, ಇಲ್ಲಿಗೂ ಬಿಡು. ಕೀಳೋದು ನಾನು ಕೀಳ್ತೀನಿ,” ಎಂದಳು ಫಿಟ್ಟರಿಗೆ.

“ತಣ್ಣೀರಿಗೆ ಯಾತಕ್ಕೆ ಮೊದ್ಲೇ ಹೇಳ್ಬೇಕು?” ಎಂದ ಭಾವ, ಸೋತು.

“ನಿಮ್ಮ ತಂಗಿ ಮನೆಗೆ ಬಂದಾಗ ಬಾಗಿಲು ತಟ್ಟಲ್ವೇನ್ರೀ? ಹೊಡೆಯೋಕೆ ಬರ್ತಾಳಾ ಅವಳು?”

ಗಾಡಿ ಬಂತು. ಚಾದರಗಳ ಗಂಟುಗಳನ್ನು ಇಳಿಸಿದರು, ಯಾರ್ಯಾರ ಜ್ವರವೋ ನೋವೋ ಸುತ್ತಿಕೊಂಡು ಬಂದ ಬಿಳಿ ಗಂಟುಗಳು. ಮಿಷನ್ನು ಮೊದಲು ಗೊಣಗಿ, ಆಮೇಲೆ ಗುಡುಗತೊಡಗಿತು. ನೆಲ ನಡುಗಿತು. ಅವನ ಪಾದಗಳಿಗೂ ಗೋಡೆಗಳಿಗೂ, ಗೋಡೆಯಾಚೆ ಮಣ್ಣಿನೊಳಗಿದ್ದ ಏನೇನಕ್ಕೋ ಅದು ಒಂದೇ ಸಲ ತಿಳಿದಿರಬೇಕು. ಸ್ವಲ್ಪ ಹೊತ್ತಿಗೆ ಹಿತ್ತಲಿನ ತೊಟ್ಟಿಗೆ ನೀರು ಬೀಳುವ ಸದ್ದಾಯಿತು. ಅಕ್ಕ ಹೊರಗೆ ಹೋದವಳು ತಿರುಗಿ ನೋಡಿದಳು. ಮೂವರು ಗಂಡಸರು ಬಾಗಿಲಲ್ಲಿ ಸಾಲಾಗಿ ನಿಂತು ನೋಡುತ್ತಿದ್ದರು, ಹಾಗೆ ನಿಂತಿರುವುದು ಅವರಿಗೇ ಗೊತ್ತಿರಲಿಲ್ಲ. ಅವಳ ಮುಖ ಕೆಂಪಾಯಿತು. ಏನ್ ನೋಡ್ತೀರಾ, ಹೋಗಿ ಒಳಗೆ ಎಂದು ಬಾಗಿಲನ್ನು ಎಳೆದುಕೊಂಡಳು.

ಅವರು ಹಿತ್ತಲ ಕಡೆಯ ಕಿಟಕಿಗೆ ಬಂದರು. ಹಬೆಗೆ ಬೆವರಿದ ಗಾಜನ್ನು ಭಾವ ಅಂಗೈಯಿಂದ ಒರೆಸಿದ. ಅಕ್ಕನ ಬೆನ್ನು ಕಾಣುತ್ತಿತ್ತು. ಮೋರಿಯ ಮೇಲೆ ಬಗ್ಗಿ, ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದು ಕೈಯನ್ನು ಗಾಳಿಯಲ್ಲಿ ಆಡಿಸುತ್ತ ಅವಳು ಹೇಳುತ್ತಿದ್ದಳು. ಮಿಷನ್ನಿನ ಗುಡುಗಿನಲ್ಲಿ ಒಂದು ಅಕ್ಷರವೂ ಕೇಳಿಸಲಿಲ್ಲ. ಅವನು ಕಿವಿಯನ್ನು ಗಾಜಿಗೆ ಒತ್ತಿದ. ಗಾಜು ಗುಂಯ್ ಎನ್ನುತ್ತಿತ್ತು, ಅಷ್ಟೆ. ತೊಟ್ಟಿಯಲ್ಲಿ ನೀರು ಏರುತ್ತ ನೀಲಿ ಕಲೆಯನ್ನು ದಾಟಿ ಅಂಚಿನ ಹತ್ತಿರ ಬರುತ್ತಿತ್ತು. ಅಕ್ಕ ಇನ್ನೂ ಹೇಳುತ್ತಿದ್ದಳು. ಒಮ್ಮೆ ನಿಲ್ಲಿಸಿದಳು ಎನ್ನಿಸಿತು, ಏನೋ ಮರೆತದ್ದು ನೆನಪಾದವಳಂತೆ ಮತ್ತೆ ಬಗ್ಗಿದಳು. ಭಾವ ಚಡಪಡಿಸಿದ, ತುಂಬಿ ಹೋಗುತ್ತೆ, ತುಂಬಿ ಹೋಗುತ್ತೆ ಎಂದ, ಆದರೆ ಬಾಗಿಲ ಕಡೆ ಹೆಜ್ಜೆ ಇಡಲಿಲ್ಲ.

“ಏನಪ್ಪ ಅದು, ಅಷ್ಟೊತ್ತು?” ಎಂದು ಅವನನ್ನು ಕೇಳಿದ. “ಒಂದು ಮಾತು ಹೇಳೋಕೆ ಇಷ್ಟು ಹೊತ್ತು ಬೇಕಾ? ಏನ್ ಹೇಳ್ತಿದಾಳೆ?”

ಮೊಣಕೈಯಲ್ಲಿ ಒಣಗಿದ ಸಿಮೆಂಟು ಚರ್ಮವನ್ನು ಬಿಗಿಹಿಡಿದು ಎಳೆಯುತ್ತಿತ್ತು.

“ನಮ್ಮ ವಿಷಯ ಇರಬೇಕು ಭಾವ,” ಎಂದ.